ಕಾಣೆಯಾದ ಮಗು ಮತ್ತು ಪಾಲಕರ ಕರ್ತವ್ಯ

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬೇಕಾದ ಮಗು ಬಾರದಿದ್ದಾಗ ತಂದೆತಾಯಿಗಳ ಮನದಲ್ಲಿ ಮೊದಲು ಸಿಟ್ಟು ಮೂಡುತ್ತದೆ; ಬಳಿಕ ಅಳುಕು; ಆಮೇಲೆ ನಾಚಿಕೆ. ಈ ಮೂರರಲ್ಲಿ ಹೆಚ್ಚು ಕೇಡನ್ನುಂಟುಮಾಡುವುದು ನಾಚಿಕೆ. ಠಾಣೆಯ ಮೆಟ್ಟಿಲು ಹತ್ತಿದರೆ ಊರಿಗೆಲ್ಲ ತಿಳಿಯುವುದೆಂದೂ, ಹೆಣ್ಣುಮಗುವಾದರೆ ನಾಳೆ ಅವಳ ಮದುವೆಗೆ ತೊಡಕಾಗುವುದೆಂದೂ, ಹಸಿವಾದರೆ ತಾನೇ ಬಂದಾನೆಂದೂ ಬಂಧುಗಳು ಸಮಾಧಾನ ಹೇಳುತ್ತಾರೆ. ಇಂತಹ ಸಮಾಧಾನದಲ್ಲಿ ಕಳೆದ ಒಂದೇ ರಾತ್ರಿಯಲ್ಲಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿದ ಬಾಲಕನು ಬೆಂಗಳೂರಿನ ಜನಸಂದಣಿಯನ್ನು ಸೇರಿಬಿಟ್ಟಿರುತ್ತಾನೆ.

ಇಪ್ಪತ್ನಾಲ್ಕು ಗಂಟೆ ಕಳೆಯದ ಹೊರತು ಪೊಲೀಸರು ದೂರನ್ನು ಸ್ವೀಕರಿಸುವುದಿಲ್ಲವೆಂಬ ನಂಬಿಕೆಯೊಂದು ಓದುಬರಹ ಬಲ್ಲವರಲ್ಲಿಯೂ ಬೇರೂರಿದೆ. ಅಂತಹ ನಿಯಮವು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ದೆಹಲಿಯ ಬಳಿಯ ನೋಯ್ಡಾದ ನಿಠಾರಿ ಗ್ರಾಮದಲ್ಲಿ 2006ರ ಡಿಸೆಂಬರಿನಲ್ಲಿ ಮಕ್ಕಳ ಅಸ್ಥಿಗಳು ದೊರೆತಾಗ, ತಮ್ಮ ದೂರುಗಳನ್ನು ಮೊದಲೇ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲವೆಂದು ಬಡ ಪಾಲಕರು ಗೋಳಿಟ್ಟುದು ದೇಶಕ್ಕೆಲ್ಲ ಕೇಳಿಸಿತು. ಮುಂದೆ, ಬಚಪನ್ ಬಚಾವೋ ಆಂದೋಲನವು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಮೇ 10ರಂದು ಮಹತ್ವದ ಆದೇಶವನ್ನಿತ್ತಿತು. ಮಗು ಕಾಣೆಯಾದ ಪ್ರತಿಯೊಂದು ದೂರಿಗೂ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸತಕ್ಕದ್ದು. ಬೇರೆ ಕಾರಣವು ತನಿಖೆಯಿಂದ ಸಿದ್ಧವಾಗುವವರೆಗೆ ಅಪಹರಣ ಅಥವಾ ಮಾನವ ಸಾಗಾಣಿಕೆಯೆಂದೇ ಭಾವಿಸತಕ್ಕದ್ದು. ನಾಲ್ಕು ತಿಂಗಳಲ್ಲಿ ಮಗು ಪತ್ತೆಯಾಗದಿದ್ದರೆ ಮಾನವ ಸಾಗಾಣಿಕೆ ತಡೆ ಘಟಕಕ್ಕೆ ಪ್ರಕರಣವನ್ನು ಒಪ್ಪಿಸತಕ್ಕದ್ದು. "ನಾಳೆ ಬನ್ನಿ" ಎಂಬ ಮಾತಿಗೆ ತಲೆಬಾಗಿ ಹಿಂದಿರುಗುವ ಪಾಲಕನು ಈ ಆದೇಶವನ್ನು ತಿಳಿದಿರುವುದು ಅವಶ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿಯೇ ದೂರು ಕೊಡಬಹುದು. ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಠಾಣೆಯವರು ನಿರಾಕರಿಸಿದರೆ ಅದೇ ದೂರನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬೇಕು.

ದೂರಿಗೆ ಮುನ್ನ ಮನೆಯನ್ನು ಹುಡುಕುವುದು ಸಹಜವೇ. ಆದರೆ ಅದು ಕೆಲವೇ ನಿಮಿಷಗಳ ಕೆಲಸವಾಗಬೇಕು. ಚಿಕ್ಕ ಮಗುವಾದರೆ ಎಲ್ಲಕ್ಕಿಂತ ಮೊದಲು ನೀರಿರುವ ಸ್ಥಳಗಳನ್ನು ನೋಡತಕ್ಕದ್ದು: ಬಾವಿ, ಕೃಷಿ ಹೊಂಡ, ನೀರಿನ ತೊಟ್ಟಿ. ಮುಚ್ಚದೆ ಬಿಟ್ಟ ಕೊಳವೆಬಾವಿಯನ್ನೂ ಮರೆಯಬಾರದು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್ ತಿಂಗಳಲ್ಲಿ ಕೊಳವೆಬಾವಿಗೆ ಬಿದ್ದ ಸಣ್ಣ ಮಗುವನ್ನು ಸುಮಾರು 20 ಗಂಟೆಗಳ ಪ್ರಯತ್ನದಿಂದ ಜೀವಸಹಿತ ಹೊರತೆಗೆದರು. ಅನಂತರ ಮಂಚದ ಅಡಿ, ಅಟ್ಟ, ನಿಂತ ವಾಹನಗಳ ಒಳಗು. ದೊಡ್ಡ ಮಗುವಾದರೆ ಗೆಳೆಯರ ಮನೆ, ಬಸ್ ನಿಲ್ದಾಣ, ರೈಲು ನಿಲ್ದಾಣ. ಎಲ್ಲರೂ ಹುಡುಕಲು ಓಡಿ ಮನೆಗೆ ಬೀಗ ಹಾಕುವುದು ದೊಡ್ಡ ತಪ್ಪು. ಮಗು ತಾನಾಗಿಯೇ ಹಿಂದಿರುಗಿದರೆ ಬಾಗಿಲಲ್ಲಿ ಒಬ್ಬರಾದರೂ ಇರಬೇಕು.

ಇದೇ ವೇಳೆಗೆ ಮತ್ತೊಬ್ಬರು 112ಕ್ಕೆ ಅಥವಾ ಮಕ್ಕಳ ಸಹಾಯವಾಣಿಯಾದ 1098ಕ್ಕೆ ಕರೆ ಮಾಡಬೇಕು. ರೈಲು ಹತ್ತಿರಬಹುದೆಂಬ ಸಂಶಯವಿದ್ದರೆ ರೈಲ್ವೆಯ 139ಕ್ಕೂ ತಿಳಿಸುವುದು ಒಳಿತು. ಜಾತ್ರೆಯಲ್ಲಿ ಕೈತಪ್ಪಿದ ಮಗುವಿಗಾದರೆ ಧ್ವನಿವರ್ಧಕದ ಬಳಿಗೂ ಪೊಲೀಸ್ ಚೌಕಿಗೂ ಏಕಕಾಲಕ್ಕೆ ಹೋಗಬೇಕು.

ಠಾಣೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಅನೇಕ ತಂದೆಗಳು ಉತ್ತರ ಕೊಡಲಾರರೆಂಬುದು ವಿಷಾದದ ಸಂಗತಿ. ಮಗುವಿನ ಎತ್ತರವೆಷ್ಟು, ಅಂದು ತೊಟ್ಟ ಅಂಗಿಯ ಬಣ್ಣ ಯಾವುದು, ಕಾಲಲ್ಲಿ ಚಪ್ಪಲಿ ಇದ್ದುವೇ, ಮೈಮೇಲೆ ಮಚ್ಚೆ ಎಲ್ಲಿದೆ, ಆಪ್ತ ಗೆಳೆಯರು ಯಾರು, ನಿತ್ಯ ಸೇವಿಸುವ ಔಷಧವಿದೆಯೇ, ಮಾತು ಬರುವುದೇ: ಇವುಗಳನ್ನು ತಾಯಿಯೇ ಬಲ್ಲಳು. ಆದುದರಿಂದ ತಾಯಿಯೂ ಠಾಣೆಗೆ ಹೋಗಬೇಕು. ಭಾವಚಿತ್ರವು ಈಚಿನದಾಗಿರಬೇಕು, ಮೂರು ವರ್ಷದ ಹಿಂದಿನ ಮದುವೆಮನೆಯ ಚಿತ್ರದಿಂದ ಪ್ರಯೋಜನ ಕಡಿಮೆ. ಹಿಂದಿನ ರಾತ್ರಿ ಮನೆಯಲ್ಲಿ ಜಗಳವಾಗಿದ್ದರೆ, ಪರೀಕ್ಷೆಯ ಅಂಕಗಳಿಗಾಗಿ ಹೊಡೆದಿದ್ದರೆ, ಅದನ್ನು ಮುಚ್ಚಿಡದೆ ಹೇಳತಕ್ಕದ್ದು. ಹುಡುಕುವವರಿಗೆ ದಿಕ್ಕು ತೋರುವುದು ಬಹುಮಟ್ಟಿಗೆ ಆ ಮಾತೇ. ಮಗುವಿನ ಪುಸ್ತಕ, ಹಾಸಿಗೆ, ಮೊಬೈಲು ಇವನ್ನು ಪೊಲೀಸರು ನೋಡುವ ತನಕ ಇದ್ದಂತೆಯೇ ಬಿಡಬೇಕು.

ಇಂದು ಚಿತ್ರವನ್ನು ವಾಟ್ಸ್‌ಆ್ಯಪ್ ಮೂಲಕ ಕ್ಷಣಮಾತ್ರದಲ್ಲಿ ಹರಡಬಹುದು. ಇದು ಉಪಕಾರಿಯೂ ಹೌದು, ಕತ್ತಿಯ ಅಲಗೂ ಹೌದು. ಮನೆಯ ದೂರವಾಣಿ ಸಂಖ್ಯೆಯನ್ನು ಹಾಕಿದರೆ, ಮಗು ತಮ್ಮ ಬಳಿ ಇದೆಯೆಂದು ಹೇಳಿ ಹಣ ಕೀಳುವ ವಂಚಕರು ಕರೆ ಮಾಡುವುದುಂಟು. ಠಾಣೆಯ ಸಂಖ್ಯೆಯನ್ನೇ ಕೊಡುವುದು ಲೇಸು. ಯಾರ ಮೇಲಾದರೂ ಸಂಶಯವಿದ್ದರೆ ಅದನ್ನು ತನಿಖಾಧಿಕಾರಿಗೆ ಮಾತ್ರ ಹೇಳಬೇಕು. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಬಗೆದು ಜನರು ಬೆನ್ನಟ್ಟಿ ಥಳಿಸಿದರು. ಹೈದರಾಬಾದಿನ ತರುಣ ಇಂಜಿನಿಯರನೊಬ್ಬನು ಪ್ರಾಣ ಕಳೆದುಕೊಂಡನು. ಆತನೂ ಒಬ್ಬ ತಾಯಿಯ ಮಗ.

ಬೇರೆಯವರ ಮಗು ಒಂಟಿಯಾಗಿ ದೊರೆತವರಿಗೂ ಕರ್ತವ್ಯವೊಂದಿದೆ. ಕನಿಕರದಿಂದ ಮನೆಯಲ್ಲಿಯೇ ಇರಿಸಿಕೊಳ್ಳುವುದು ಸಲ್ಲದು. 2015ರ ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಯೊಳಗೆ ಸಹಾಯವಾಣಿಗೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸತಕ್ಕದ್ದು. ಇತ್ತ ಹೆತ್ತವರು ಹುಡುಕುತ್ತಿರುವುದು ಅತ್ತ ಅನ್ನವಿಟ್ಟವರಿಗೆ ತಿಳಿಯುವ ದಾರಿ ಇದೇ.

ಮಗು ಮರಳಿ ಬಂದ ದಿನ ತಂದೆಯ ಕೈ ಮೇಲೇಳುವುದುಂಟು. ಹೊಡೆತಕ್ಕಂಜಿ ಓಡಿದವನು ಹೊಡೆತದಿಂದಲೇ ಸ್ವಾಗತ ಪಡೆದರೆ ಎರಡನೆಯ ಸಲ ಇನ್ನೂ ದೂರ ಹೋಗುತ್ತಾನೆ. ಅಂದು ಊಟ, ನಿದ್ರೆ, ಅಗತ್ಯವಿದ್ದರೆ ವೈದ್ಯರ ತಪಾಸಣೆ, ಪ್ರಶ್ನೆಗಳು ಮರುದಿನಕ್ಕಿರಲಿ. ಮಗು ಬಂದ ಸುದ್ದಿಯನ್ನು ಮಾತ್ರ ಠಾಣೆಗೆ ಕೂಡಲೇ ಮುಟ್ಟಿಸಬೇಕು. ಗೋಡೆಗಳಿಗೆ ಅಂಟಿಸಿದ ಭಿತ್ತಿಪತ್ರಗಳನ್ನು ಕಿತ್ತು, ಚಿತ್ರ ಕಳುಹಿಸಿದ ಬಳಗಗಳಿಗೂ ಇನ್ನು ಅದನ್ನು ಅಳಿಸಿರೆಂದು ಬರೆಯಬೇಕು. ಶಾಲೆಗೆ ಹೋಗುವ ಹಾದಿಯಲ್ಲಿ, ಬಸ್ ನಿಲ್ದಾಣದ ಗೋಡೆಯ ಮೇಲೆ ತನ್ನದೇ ಮುಖವನ್ನು ಆ ಮಗು ದಿನವೂ ನೋಡುವಂತಾಗಬಾರದು.