ಎಳೆಯ ಮಕ್ಕಳ ಸ್ಥೂಲಕಾಯ

ಹಸಿವಿನ ನಾಡೆಂದು ಹೆಸರಾದ ನಮ್ಮ ದೇಶದಲ್ಲಿ ಮಕ್ಕಳ ಬೊಜ್ಜನ್ನು ಕುರಿತು ಬರೆಯಹೊರಟರೆ, ಇದು ಉಳ್ಳವರ ಚಿಂತೆಯೆಂದು ಕೆಲವರಿಗೆ ತೋರಬಹುದು. ಆ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ನೂರಕ್ಕೆ 35.5 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅತಿತೂಕದವರು ನೂರಕ್ಕೆ 3.4 ಮಾತ್ರ. ಆದರೆ ಈ ಎರಡನೆಯ ಅಂಕೆ 2015–16ರಲ್ಲಿ 2.1 ಆಗಿತ್ತೆಂಬುದನ್ನು ವಾಚಕರು ಗಮನಿಸಬೇಕು. ಪ್ರಪಂಚದಲ್ಲಿ ಐದರಿಂದ ಹತ್ತೊಂಬತ್ತು ವರ್ಷದವರ ಪೈಕಿ ಅತಿತೂಕದವರು 1990ರಲ್ಲಿ ನೂರಕ್ಕೆ 8 ಇದ್ದದ್ದು 2022ರಲ್ಲಿ 20ಕ್ಕೆ ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ.

ಬೊಜ್ಜನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು. ಐದು ವರ್ಷದೊಳಗಿನ ಮಗುವಿನ ತೂಕವನ್ನು ಅದರ ಎತ್ತರದೊಡನೆ ಹೋಲಿಸುತ್ತಾರೆ. 2006ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದ ಮಧ್ಯಾಂಕಕ್ಕಿಂತ ಎರಡು ಮಾನಕ ವಿಚಲನೆಗಳಷ್ಟು ಮೀರಿದರೆ ಅತಿತೂಕ, ಮೂರನ್ನು ಮೀರಿದರೆ ಸ್ಥೂಲಕಾಯ. ಈ ಕೋಷ್ಟಕಕ್ಕಾಗಿ ಅಳೆದ ಆರು ದೇಶಗಳ ಮಕ್ಕಳಲ್ಲಿ ಭಾರತದ ಮಕ್ಕಳೂ ಇದ್ದರು.

ಕೆನ್ನೆ ತುಂಬಿದ ಕೂಸೆಲ್ಲ ರೋಗಿಯಲ್ಲ. ಮೊದಲ ವರ್ಷದಲ್ಲಿ ಮೇದಸ್ಸು ಕೂಡುವುದು ಪ್ರಕೃತಿಧರ್ಮ. ಅನಂತರ ಮಗು ನಡೆಯಲು, ಓಡಲು ಕಲಿತು, ಉದ್ದಕ್ಕೆ ಬೆಳೆದು, ಸುಮಾರು ಆರನೆಯ ವರ್ಷದ ಹೊತ್ತಿಗೆ ತೆಳ್ಳಗಾಗುತ್ತದೆ. ಬಳಿಕ ಮತ್ತೆ ಮೈ ತುಂಬತೊಡಗುತ್ತದೆ. ಹೀಗೆ ಮರಳಿ ಮೈ ತುಂಬುವುದು ಬೇಗನೆ ಆರಂಭವಾದ ಮಕ್ಕಳಲ್ಲಿ ಮುಂದೆ ಬೊಜ್ಜು ಹೆಚ್ಚೆಂದು ಫ್ರಾನ್ಸಿನ ಸಂಶೋಧಕರು 1984ರಲ್ಲಿ ತೋರಿಸಿದರು. ನಮ್ಮ ಅಜ್ಜಿಯರು "ಮಗು ಸೊರಗಿಹೋಯಿತು" ಎಂದು ಮರುಗಿ ತುಪ್ಪ ಸಕ್ಕರೆಗಳನ್ನು ಹೆಚ್ಚಿಸುವುದು ಈ ಸಹಜವಾದ ತೆಳುವಿನ ಕಾಲದಲ್ಲಿಯೇ! ಅವರ ಅಕ್ಕರೆಯನ್ನು ನಾನು ಹಳಿಯುತ್ತಿಲ್ಲ. ಮಕ್ಕಳು ಹಸಿವಿನಿಂದ ಸತ್ತದ್ದನ್ನು ಕಂಡ ತಲೆಮಾರಿಗೆ ತುಂಬಿದ ಮೈಯೇ ಭರವಸೆ.

ಕಾರಣಗಳ ವಿಚಾರದಲ್ಲಿ ಚರಕಸಂಹಿತೆಯ ಸೂತ್ರಸ್ಥಾನವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಅತಿಭೋಜನ, ಸಿಹಿ ಮತ್ತು ಜಿಡ್ಡಿನ ಪದಾರ್ಥ, ವ್ಯಾಯಾಮದ ಅಭಾವ, ಹಗಲುನಿದ್ದೆಗಳ ಜೊತೆಗೆ ಬೀಜಸ್ವಭಾವವನ್ನೂ ಅದು ಅತಿಸ್ಥೌಲ್ಯಕ್ಕೆ ಕಾರಣವಾಗಿ ಎಣಿಸಿದೆ. ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಪತ್ತೆಯಾಯಿತು. ಆದರೆ ಅದರ ಜೀನು ಕೆಟ್ಟು ಬೊಜ್ಜು ಬರುವುದು ಅತಿ ವಿರಳ. ಸಾಮಾನ್ಯವಾಗಿ ಹುಟ್ಟಿನಿಂದ ಬರುವುದು ಬರಿಯ ಒಲವು. ಅದನ್ನು ಪೋಷಿಸುವುದು ಸುತ್ತಣ ಬದುಕು. ಇಂದು ಹಣ್ಣಿಗಿಂತ ಅಗ್ಗವಾಗಿ ಬಿಸ್ಕತ್ತಿನ ಪೊಟ್ಟಣ ಹಳ್ಳಿಯ ಅಂಗಡಿಯಲ್ಲೂ ದೊರೆಯುತ್ತದೆ. ಆಟದ ಬಯಲುಗಳು ನಿವೇಶನಗಳಾಗಿವೆ. ನಮ್ಮ ನೆರೆಮನೆಯ ಮಗುವೊಂದು ಫೋನಿನ ಪರದೆ ಬೆಳಗುತ್ತಿರುವಷ್ಟು ಹೊತ್ತೂ ತುತ್ತು ನುಂಗುತ್ತದೆ, ಆರಿದೊಡನೆ ಬಾಯಿ ಮುಚ್ಚುತ್ತದೆ. ಹೊಟ್ಟೆ ತುಂಬಿತೆಂಬ ಅರಿವು ಅದಕ್ಕೆ ಆಗುವುದಾದರೂ ಹೇಗೆ?

ಇನ್ನೊಂದು ಕಾರಣ ಮಗು ಹುಟ್ಟುವ ಮೊದಲೇ ಇರುತ್ತದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಸಂಗಡಿಗರು ಅಲ್ಲಿನ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿ, 2003ರಲ್ಲಿ ಪ್ರಕಟಿಸಿದ ಫಲಿತಾಂಶ ವಿಚಿತ್ರವಾದದ್ದು: ನಮ್ಮ ಕೂಸುಗಳ ತೂಕ ಕಡಿಮೆ, ಸ್ನಾಯು ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಲ್ಲ. ತಕ್ಕಡಿಗೆ ಬಡಕಲಾಗಿ ಕಾಣುವ ಮಗುವಿನಲ್ಲೂ ಕೊಬ್ಬು ಅಡಗಿರಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತ ಬಂದರು. ಗರ್ಭಕಾಲದಲ್ಲಿ ಸಿಹಿಮೂತ್ರ ರೋಗವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಚರ್ಮದಡಿಯ ಕೊಬ್ಬು ಇತರರಿಗಿಂತ ಹೆಚ್ಚಾಗಿತ್ತು. ಒಂಬತ್ತೂವರೆಯ ವಯಸ್ಸಿನಲ್ಲಿಯೂ ಹಾಗೆಯೇ ಇತ್ತು. ಆ ಹೆಣ್ಣುಮಕ್ಕಳು ಈಗ ತಾವೇ ತಾಯಂದಿರಾಗುವ ವಯಸ್ಸಿನವರು.