ಪೀನಟ್ಸ್ ಎಂದರೆ ಬರೀ ಶೇಂಗಾ ಅಲ್ಲ



ನಿಮ್ಮ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಕ್ರಿಸ್ಮಸ್ ಹಬ್ಬಕ್ಕೆ ಮನೆಗೆ ಬಂದಿದ್ದಾನೆಂದು ಇಟ್ಟುಕೊಳ್ಳಿ. "ಸಂಬಳ ಎಷ್ಟು ಕೊಡ್ತಾರಪ್ಪಾ?" ಎಂದು ಅಕ್ಕರೆಯಿಂದ ಕೇಳುತ್ತೀರಿ. "ಅಯ್ಯೋ, ಪೀನಟ್ಸ್ ಕೊಡ್ತಾರೆ" ಎನ್ನುತ್ತಾನೆ. ಚಳ್ಳಕೆರೆ ಸೀಮೆಯ ಅಜ್ಜಿಯೊಬ್ಬರು ಅಲ್ಲಿ ಕುಳಿತಿದ್ದು, ಪೀನಟ್ ಎಂದರೆ ಶೇಂಗಾ ಎಂಬುದಷ್ಟೇ ಅವರಿಗೆ ಗೊತ್ತಿದ್ದರೆ ಏನು ಕೇಳಿಯಾರು? "ಹೌದೇನೋ ಮಗಾ, ತಿಂಗಳಿಗೆ ಎಷ್ಟು ಚೀಲ?"

ನಮಗೆ ನಗು ಬರುತ್ತದೆ. ಆದರೆ ಅಜ್ಜಿಯ ಲೆಕ್ಕದಲ್ಲಿ ತಪ್ಪೇನಿದೆ? ಅವರ ಕಡೆ ಶೇಂಗಾ ಚೀಲವೆಂದರೆ ಮಕ್ಕಳ ಫೀಸು, ಅಂಗಡಿಯ ಸಾಲ, ಮದುವೆಯ ಖರ್ಚು. ಅದೇ ಕಾಳಿನ ಹೆಸರು ಇಂಗ್ಲಿಷಿನಲ್ಲಿ "ಲೆಕ್ಕಕ್ಕಿಲ್ಲದ್ದು" ಎಂಬ ಅರ್ಥಕ್ಕೆ ಏಕೆ ಬಂತು? ಈ ವಾರ ಆ ಒಂದು ಪದವನ್ನು ಸ್ವಲ್ಪ ಸುಲಿದು ನೋಡೋಣ. ನಿಮ್ಮ ಮಕ್ಕಳಿಗೂ ಓದಿ ಹೇಳಿರಿ.

ಮೊದಲು ಅರ್ಥ. ಪೀನಟ್ ಎಂದು ಏಕವಚನದಲ್ಲಿ ಹೇಳಿದರೆ ಅದು ಬೀಜ. ಪುಟ್ಟ ಮಗುವನ್ನು ಮುದ್ದಿನಿಂದ ಹಾಗೆ ಕರೆಯುವುದೂ ಉಂಟು. ಪೀನಟ್ಸ್ ಎಂದು ಬಹುವಚನದಲ್ಲಿ, ಹಣದ ಮಾತಿನ ನಡುವೆ ಬಂದರೆ ಪುಡಿಗಾಸು, ಬಿಡಿಗಾಸು, ಜುಜುಬಿ ಮೊತ್ತ ಎಂದು ಅರ್ಥ. ಈ ಅರ್ಥಕ್ಕೆ ಬಹುವಚನವೇ ಬೇಕು. "ಅವನಿಗೆ ಒಂದು ಪೀನಟ್ ಕೊಟ್ಟರು" ಎಂದರೆ ನಿಜವಾಗಿಯೂ ಒಂದು ಕಾಳು ಕೊಟ್ಟರು ಎಂದಾಗುತ್ತದೆ. ಇದು ಆಡುಮಾತು. ಅರ್ಜಿಯಲ್ಲಿ, ಕಚೇರಿಯ ಪತ್ರದಲ್ಲಿ, ಪರೀಕ್ಷೆಯ ಪ್ರಬಂಧದಲ್ಲಿ ಬರೆಯಬಾರದು.

ಪೀ ಎಂದರೆ ಬಟಾಣಿ, ನಟ್ ಎಂದರೆ ಗಟ್ಟಿ ಸಿಪ್ಪೆಯ ಬೀಜ. ಶೇಂಗಾ ತೊಗರಿ, ಕಡಲೆಗಳ ಬಳಗಕ್ಕೆ ಸೇರಿದ ದ್ವಿದಳ ಧಾನ್ಯ. ಹೂವು ನೆಲದ ಮೇಲೆ ಬಿಡುತ್ತದೆ. ಅದರಿಂದ ಹೊರಟ ಸೂಜಿಯಂಥ ಎಳೆ ಬಾಗಿ ಮಣ್ಣಿನೊಳಗೆ ಇಳಿದು, ಅಲ್ಲಿ ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಕಿತ್ತು ನೋಡುವವರೆಗೆ ಫಸಲು ಎಷ್ಟೆಂದು ರೈತನಿಗೂ ತಿಳಿಯದು.

ಇದರ ತವರು ದಕ್ಷಿಣ ಅಮೆರಿಕ. ನಮ್ಮ ದೇಶಕ್ಕೆ ಇದನ್ನು 16ನೇ ಶತಮಾನದಲ್ಲಿ ತಂದವರು ಯೇಸುಸಭೆಯ ಗುರುಗಳೆಂದು ಕೆಲವು ಕೃಷಿ ಪುಸ್ತಕಗಳಲ್ಲಿ ಹೇಳುವುದುಂಟು. ಉತ್ತರ ಅಮೆರಿಕಕ್ಕೆ ಇದು ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳೊಂದಿಗೆ ಬಂತು. ಅಲ್ಲಿ ಬಹುಕಾಲ ಇದು ಗುಲಾಮರ ಆಹಾರ, ಹಂದಿಗಳ ಮೇವು. ಮುಂದೆ ನಾಟಕಶಾಲೆಗಳಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಗ್ಗದ ಆಸನಗಳ ಸಾಲಿಗೆ "ಪೀನಟ್ ಗ್ಯಾಲರಿ" ಎಂಬ ಹೆಸರು ಬಿತ್ತು. ಅಲ್ಲಿ ಕೂರುತ್ತಿದ್ದವರು ಬಡವರು. 1930ರ ದಶಕದ ಹೊತ್ತಿಗೆ ಪೀನಟ್ಸ್ ಎಂದರೆ ಅತ್ಯಲ್ಪ ಹಣ ಎಂಬ ಅರ್ಥ ಅಮೆರಿಕದ ಮಾತಿನಲ್ಲಿ ನೆಲೆಯೂರಿತ್ತು. ಕಾಳು ಚಿಕ್ಕದೆಂದು ಈ ಅರ್ಥ ಬಂತೆಂದು ನನಗೆ ತೋರುವುದಿಲ್ಲ. ಅಕ್ಕಿ ಇನ್ನೂ ಚಿಕ್ಕದು. ತಿನ್ನುವವರ ಮೇಲಿದ್ದ ತಾತ್ಸಾರ ಕಾಳಿಗೂ ಅಂಟಿಕೊಂಡಿತು.

ಆ ಕಾಳನ್ನು ಎತ್ತಿ ಹಿಡಿದವರೂ ಗುಲಾಮಗಿರಿಯಲ್ಲಿ ಹುಟ್ಟಿದ ಒಬ್ಬರೇ, ಜಾರ್ಜ್ ವಾಷಿಂಗ್ಟನ್ ಕಾರ್ವರ್. ಅಲಬಾಮಾದ ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ ಅವರು ಉಪಾಧ್ಯಾಯರು. ವರ್ಷವರ್ಷವೂ ಹತ್ತಿಯನ್ನೇ ಬೆಳೆದು ಸತ್ವ ಕಳೆದುಕೊಂಡ ಹೊಲಗಳಿಗೆ ಶೇಂಗಾ ಹಾಕಿರೆಂದು ಬಡ ರೈತರಿಗೆ ಕಲಿಸಿದರು, ಏಕೆಂದರೆ ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಶೇಂಗಾದಿಂದ ಮಾಡಬಹುದಾದ 105 ಬಗೆಯ ತಿನಿಸುಗಳ ಕಿರುಹೊತ್ತಗೆಯನ್ನು 1916ರಲ್ಲಿ ಹೊರತಂದರು. 1921ರಲ್ಲಿ ಆಮದು ಸುಂಕದ ವಿಷಯವಾಗಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಮಾತಾಡಲು ಅವರಿಗೆ ಕೊಟ್ಟದ್ದು 10 ನಿಮಿಷ. ಕರಿಯರೆಂದು ಮೊದಲು ಹಾಸ್ಯ ಮಾಡಿದವರೇ ಕೊನೆಗೆ ಗಡಿಯಾರ ನೋಡುವುದನ್ನು ಬಿಟ್ಟು ಕೇಳಿದರು.

ಈ ಪದದಿಂದ ನೊಂದುಕೊಂಡವರೂ ಇದ್ದಾರೆ. ಚಾರ್ಲಿ ಬ್ರೌನ್, ಸ್ನೂಪಿ ಎಂಬ ನಾಯಿ ಬರುವ ಚಿತ್ರಮಾಲೆಯನ್ನು ನಿಮ್ಮ ಮಕ್ಕಳು ನೋಡಿರಬಹುದು. 1950ರಲ್ಲಿ ಪತ್ರಿಕೆಗಳಲ್ಲಿ ಶುರುವಾದ ಅದಕ್ಕೆ ಪೀನಟ್ಸ್ ಎಂದು ಹೆಸರಿಟ್ಟದ್ದು ಹಂಚಿಕೆಯ ಸಂಸ್ಥೆಯವರು. ಬರೆದ ಚಾರ್ಲ್ಸ್ ಶುಲ್ಟ್ಸ್ ಅವರಿಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ. ತಮ್ಮ ಕೆಲಸವನ್ನು ಹಗುರ ಮಾಡುವ ಹೆಸರು ಎಂಬುದು ಅವರ ಕೊರಗು. ಜಾರ್ಜಿಯಾದ ಶೇಂಗಾ ಬೆಳೆಗಾರ ಜಿಮ್ಮಿ ಕಾರ್ಟರ್ ಅವರ ಕಡೆಯವರು ಬೇರೆ ದಾರಿ ಹಿಡಿದರು. 1976ರ ಚುನಾವಣೆಯಲ್ಲಿ ಮನೆಮನೆಗೆ ಹೋದ ಅವರ ರಾಜ್ಯದವರು ತಮಗೆ ತಾವೇ "ಪೀನಟ್ ಬ್ರಿಗೇಡ್", ಅಂದರೆ ಶೇಂಗಾ ದಳ, ಎಂದು ಹೆಸರಿಟ್ಟುಕೊಂಡರು. ಕಾರ್ಟರ್ ಗೆದ್ದರು.

ಇನ್ನು ನಮ್ಮ ಚಳ್ಳಕೆರೆಗೆ ಬನ್ನಿ. ವರ್ಷಕ್ಕೆ 500 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಕೆಂಪು ನೆಲ. ಮೊಳಕಾಲ್ಮೂರು, ಪಾವಗಡ, ಆಚೆಗೆ ಅನಂತಪುರ, ಎಲ್ಲವೂ ಒಂದೇ ಬಗೆಯ ಬರದ ಸೀಮೆ. ಆ ಮಳೆಯನ್ನೇ ನಂಬಿ ಮುಂಗಾರಿನಲ್ಲಿ ಶೇಂಗಾ ಬಿತ್ತುತ್ತಾರೆ. ಅದನ್ನು ಅರೆಯುವ ಎಣ್ಣೆ ಗಿರಣಿಗಳು ಎಷ್ಟು ಬೆಳೆದವೆಂದರೆ ಪೇಟೆಗೆ "ಎಣ್ಣೆ ನಗರ" ಎಂದೂ "ಎರಡನೆಯ ಬೊಂಬಾಯಿ" ಎಂದೂ ಹೆಸರು ಬಂತು. ಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ, ಕಾಲು ಭಾಗ ಪ್ರೋಟೀನ್. ಎಣ್ಣೆ ತೆಗೆದ ಹಿಂಡಿ ಕರೆಯುವ ಎಮ್ಮೆಗೆ, ಒಣಗಿದ ಬಳ್ಳಿ ದನಕ್ಕೆ, ಸಿಪ್ಪೆ ಒಲೆಗೆ. ಎಸೆಯುವುದೇನೂ ಇಲ್ಲ. ಕನ್ನಡದಲ್ಲಿ ಇದಕ್ಕೆ "ಬಡವರ ಬಾದಾಮಿ" ಎಂಬ ಹೆಸರಿದೆ. ಇಂಗ್ಲಿಷಿನವರು ಬಡವರ ತಿನಿಸನ್ನು ಬೈಗುಳ ಮಾಡಿದರೆ ನಮ್ಮವರು ಬಾದಾಮಿಯ ಪಕ್ಕಕ್ಕೆ ಕೂರಿಸಿದರು.

ಹಾಗೆಂದು ನಾವು ಬೀಗುವಂತಿಲ್ಲ. ನಾವು ಬೈಗುಳ ಮಾಡಿದ್ದು ಹುಲ್ಲನ್ನು. "ತೃಣಸಮಾನ", "ಹುಲ್ಲುಕಡ್ಡಿಯಷ್ಟೂ ಬೆಲೆಯಿಲ್ಲ" ಎನ್ನುತ್ತೇವಲ್ಲ? ಈ ಮಾತನ್ನು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ವರವು ಕಾವಲಿನ ಕುರಿಗಾಹಿಯ ಎದುರು ಆಡಿ ನೋಡಿ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗಾಗಿ ಕಾದಿಟ್ಟ ಹುಲ್ಲುಗಾವಲುಗಳಲ್ಲಿ ಅದೂ ಒಂದು. ಅಲ್ಲಿನ ಹುಲ್ಲೇ ಕುರಿ, ಕುರಿಯೇ ಉಣ್ಣೆ, ಉಣ್ಣೆಯೇ ಚಳ್ಳಕೆರೆಯ ಕಂಬಳಿ. 2008ರಿಂದ 2010ರ ನಡುವೆ ಆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೂ ಇತರರಿಗೂ ಕೊಟ್ಟಾಗ ಮೇವು ಕಳೆದುಕೊಂಡವರ ದೂರು ಚೆನ್ನೈಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ವರವು ಕಾವಲಿನಲ್ಲಿ 2017ರಲ್ಲಿ ಡಿಆರ್‌ಡಿಒ ಸಂಸ್ಥೆಯ ವಿಮಾನ ಪರೀಕ್ಷಾ ವಲಯ ಆರಂಭವಾಯಿತು. ಅದು ಬೇಕಿತ್ತೇ ಬೇಡವಿತ್ತೇ ಎಂಬುದು ಈ ಪುಟದ ಚರ್ಚೆಯಲ್ಲ. ನಾನು ಹೇಳುವುದು ಮಾತಿನ ವಿಷಯ ಮಾತ್ರ: "ಬರೀ ಹುಲ್ಲು ತಾನೇ" ಎನ್ನುವವನಿಗೆ ಕುರಿ ಇರುವುದಿಲ್ಲ.

ಇಂಗ್ಲಿಷಿನಲ್ಲಿ ಅತ್ಯಲ್ಪಕ್ಕೆ ಇನ್ನೊಂದು ಪದವಿದೆ. ಅದನ್ನು ನೀವು ದೇವಾಲಯದಲ್ಲಿಯೇ ಕೇಳಿರಬಹುದು: ಮೈಟ್. ಬಡ ವಿಧವೆ ಕಾಣಿಕೆ ಪೆಟ್ಟಿಗೆಗೆ ಹಾಕಿದ ಎರಡು ಕಾಸುಗಳ ಪ್ರಸಂಗ ಮಾರ್ಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿದೆ, ಲೂಕನ 21ರಲ್ಲೂ ಇದೆ. ಗ್ರೀಕ್ ಮೂಲದಲ್ಲಿ ಆ ಕಾಸಿನ ಹೆಸರು ಲೆಪ್ಟಾನ್, ಆಗ ಚಲಾವಣೆಯಲ್ಲಿದ್ದ ಅತಿ ಚಿಕ್ಕ ತಾಮ್ರದ ನಾಣ್ಯ. ಇಂಗ್ಲಿಷಿಗೆ ತಂದವರು ಫ್ಲಾಂಡರ್ಸ್ ನಾಡಿನ ಒಂದು ಚಿಲ್ಲರೆ ಕಾಸಿನ ಹೆಸರನ್ನು ಅಲ್ಲಿ ಬಳಸಿದರು. ಅಂದಿನಿಂದ "ವಿಡೋಸ್ ಮೈಟ್" ಎಂದರೆ ಬಡವರು ಮನಸಾರೆ ಕೊಟ್ಟ ಅಲ್ಪ ಕಾಣಿಕೆ. ಮಕ್ಕಳು ಕಾಗುಣಿತದಲ್ಲಿ ಎಡವುವ ಜಾಗ ಇದು. ಎಂ-ಐ-ಟಿ-ಇ ಎಂದರೆ ಅಲ್ಪ. ಎಂ-ಐ-ಜಿ-ಎಚ್-ಟಿ ಎಂದರೆ ಬಲ. ಕಿವಿಗೆ ಎರಡೂ ಒಂದೇ!

ಮೈಟ್ ಮತ್ತು ಪೀನಟ್ಸ್ ಎರಡಕ್ಕೂ ಅತ್ಯಲ್ಪ ಎಂದೇ ಅರ್ಥವಾದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಲಾಗದು. ಮೈಟ್ ಎನ್ನುವಾಗ ಕೊಟ್ಟವರ ಕೈ ಕಾಣುತ್ತದೆ. ಪೀನಟ್ಸ್ ಎನ್ನುವಾಗ ಎಣಿಸುವವನ ಮೂಗು ಮುರಿದದ್ದು ಕಾಣುತ್ತದೆ. ಆದ್ದರಿಂದ ಬಳಕೆಯಲ್ಲಿ ಒಂದು ಎಚ್ಚರಿಕೆ ಬೇಕು. ತನ್ನ ಸಂಬಳವನ್ನು ತಾನೇ ಪೀನಟ್ಸ್ ಎಂದರೆ ಅದು ಗೊಣಗಾಟ ಅಥವಾ ತಮಾಷೆ. ಬೇರೆಯವರ ದುಡಿಮೆಯನ್ನು, ಬೇರೆಯವರು ಕೊಟ್ಟದ್ದನ್ನು ಹಾಗೆಂದರೆ ಅವಮಾನ. ಧರ್ಮಕೇಂದ್ರದ ಹಬ್ಬಕ್ಕೆ ಒಂದು ಕುಟುಂಬ 50 ರೂಪಾಯಿ ಕೊಟ್ಟರೆ ಲೆಕ್ಕ ಬರೆಯುವ ಯುವಕರು ತಮ್ಮತಮ್ಮಲ್ಲಿ ಪೀನಟ್ಸ್ ಎಂದು ನಗುವುದುಂಟು. ಕೊಟ್ಟವರಿಗೆ ಇಂಗ್ಲಿಷ್ ಬಾರದಿದ್ದರೂ ನಗು ಅರ್ಥವಾಗುತ್ತದೆ.

ಮನೆಯೊಳಗೆ ಇದು ಇನ್ನೂ ಆಳಕ್ಕೆ ಇಳಿಯುತ್ತದೆ. ಅಪ್ಪ ವರ್ಷವಿಡೀ ದುಡಿದು ತಂದ ಹಣವನ್ನು, ಅದೇ ಹಣದಿಂದ ಇಂಗ್ಲಿಷ್ ಕಲಿತ ಮಗ ಅಪ್ಪನಿಗೆ ತಿಳಿಯದ ಒಂದು ಪದದಿಂದ ಅಳೆಯುತ್ತಾನೆ. ತಾಯಿಯಾದವರು ಕೇಳಿಸಿಕೊಂಡರೆ ಸುಮ್ಮನೆ ಇರಬೇಡಿ, ಗದರಿಸಲೂ ಬೇಡಿ. "ಆ ಮಾತಿನ ಅರ್ಥ ಏನಪ್ಪಾ?" ಎಂದು ಕೇಳಿ. ಅಪ್ಪನ ಮುಂದೆ ಅವನೇ ಕನ್ನಡದಲ್ಲಿ ಬಿಡಿಸಿ ಹೇಳಲಿ.

ಕೊನೆಗೆ ಶಾಲೆಯ ಮಕ್ಕಳಿಗೆ ಒಂದು ಉಪಾಯ. ನಮ್ಮ ದೇಶದ ಇಂಗ್ಲಿಷಿನಲ್ಲಿ ಶೇಂಗಾಕ್ಕೆ ಗ್ರೌಂಡ್‌ನಟ್ ಎಂಬ ಪದವೂ ಇದೆ. ಎಣ್ಣೆ ಡಬ್ಬದ ಮೇಲೆ, ಕೃಷಿ ಇಲಾಖೆಯ ಕಾಗದದಲ್ಲಿ ಇರುವುದು ಅದೇ. ಆ ಪದಕ್ಕೆ ಕೀಳು ಅರ್ಥ ಅಂಟಿಕೊಂಡಿಲ್ಲ. ನಿಮ್ಮ ಮನೆಯ ಬೆಳೆಯ ಬಗ್ಗೆ ಬರೆಯುವಾಗ ಅದನ್ನೇ ಬರೆಯಿರಿ. ಎರಡೂ ಪದಗಳು ತಮ್ಮತಮ್ಮ ಜಾಗದಲ್ಲಿ ಕೂರುವ ಒಂದು ವಾಕ್ಯ ಕೊಡುತ್ತೇನೆ, ಬಾಯಿಪಾಠ ಮಾಡಿ: "ಹಿ ಗಾಟ್ ಪೀನಟ್ಸ್ ಫಾರ್ ಹಿಸ್ ಗ್ರೌಂಡ್‌ನಟ್ಸ್." ಅವನ ಶೇಂಗಾಕ್ಕೆ ಬಿಡಿಗಾಸು ಸಿಕ್ಕಿತು ಎಂದು ಅರ್ಥ. ಎಲ್ಲರ ಫಸಲೂ ಒಂದೇ ವಾರ ಪೇಟೆಗೆ ಬಂದು ದರ ಬಿದ್ದ ವರ್ಷ ಚಳ್ಳಕೆರೆಯ ಯಾವ ರೈತನನ್ನು ಕೇಳಿದರೂ ಈ ವಾಕ್ಯವನ್ನು ಅವನು ವಿವರಿಸಿ ಹೇಳಿಯಾನು.