ಪುಟದೊಳಗೆ ಪಟ ನಿಲ್ಲಬೇಕಾದರೆ



ಕಳೆದ ವರ್ಷ ಪಾಲಕ ಸಂತರ ಹಬ್ಬದ ಪುಸ್ತಿಕೆ ಅಚ್ಚಾಗಿ ಬಂದ ದಿನ ನಿಮಗೆ ನೆನಪಿರಬಹುದು. ತಮಿಳು ಪುಟಗಳು ಚೆನ್ನಾಗಿದ್ದವು. ನಮ್ಮ ಕನ್ನಡ ಪುಟಗಳಲ್ಲಿ ಮಾತ್ರ, ಅಗಲಿದವರ ಸ್ಮರಣೆಯ ಕಡೆ ಪಟವಿರಬೇಕಾದ ಜಾಗದಲ್ಲಿ ಬರಿಯ ಚೌಕವಿತ್ತು, ಅದರೊಳಗೊಂದು ಗುಣಿಸು ಗುರುತು. ನೊವೆನಾ ಪ್ರಾರ್ಥನೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆಯ ಮೇಲೆ ಗೆರೆ ಎಳೆದ ಏನೇನೋ ಅಕ್ಷರಗಳ ಸಂತೆ. ಒಬ್ಬ ಅಜ್ಜಿ ಪುಸ್ತಿಕೆಯನ್ನು ಕಣ್ಣಿನ ಹತ್ತಿರ ಹಿಡಿದು, "ಏನಪ್ಪಾ, ನಮ್ಮ ಯಜಮಾನರ ಪಟಾನೇ ಇಲ್ವಲ್ಲ" ಎಂದು ಕೇಳಿದರು. ನಮ್ಮ ಯಾರಿಗೂ ಬಾಯಿ ಬರಲಿಲ್ಲ.

ಆಮೇಲೆ ಕೂತು ನೋಡಿದಾಗ ಗೊತ್ತಾಯಿತು, ತಪ್ಪು ಅಚ್ಚಿನವರದಲ್ಲ, ನಮ್ಮದೇ. ಪುಟ ಜೋಡಿಸುವವರಿಗೆ ಕನ್ನಡ ಓದಲು ಬಾರದು. ತಮಿಳು ಪುಟದಲ್ಲಿ ಒಂದು ಸಾಲು ಕೆಟ್ಟರೂ ಅವರು ಫೋನ್ ಮಾಡಿ ಕೇಳುತ್ತಾರೆ. ಕನ್ನಡ ಪುಟವನ್ನು ನಾವು ಕೊಟ್ಟ ಹಾಗೆಯೇ ಅಚ್ಚಿಗೆ ಹಾಕುತ್ತಾರೆ. ಹೀಗೆ ಇನ್ನೆರಡು ವರ್ಷ ನಡೆದರೆ "ಕನ್ನಡ ಪುಟ ಬರೀ ತೊಂದರೆ, ಬಿಟ್ಟುಬಿಡೋಣ" ಎಂಬ ಮಾತು ಬರಲು ತಡವಾಗದು. ಆದ್ದರಿಂದ ಈ ಸಲ, ಕಡತ ಸಿದ್ಧಮಾಡುವ ಯುವಜನರಿಗೂ ಪಟ, ಬರಹ ಕಳುಹಿಸುವ ಮನೆಯವರಿಗೂ ಈ ಪಾಠ.

ಮೊದಲು ಆ ಖಾಲಿ ಚೌಕದ ವಿಚಾರ. ವರ್ಡ್‌ನಲ್ಲಾಗಲಿ ಲಿಬ್ರೆಆಫೀಸ್‌ನಲ್ಲಾಗಲಿ ಚಿತ್ರವನ್ನು ಎರಡು ರೀತಿಯಲ್ಲಿ ಸೇರಿಸಬಹುದು. ಒಂದು, ಚಿತ್ರವನ್ನೇ ಕಡತದೊಳಗೆ ಇಡುವುದು. ಇನ್ನೊಂದು, ಚಿತ್ರ ಎಲ್ಲಿದೆ ಎಂಬ ವಿಳಾಸವನ್ನು ಮಾತ್ರ ಬರೆದಿಡುವುದು. ಇದಕ್ಕೆ ಲಿಂಕ್ ಎನ್ನುತ್ತಾರೆ. ನಮ್ಮ ಕಂಪ್ಯೂಟರಿನಲ್ಲಿ ನೋಡುವಾಗ ಎರಡೂ ಒಂದೇ ತರಹ ಕಾಣುತ್ತವೆ. ಕಡತ ಬೇರೆ ಊರಿಗೆ ಹೋದಾಗ ಆ ವಿಳಾಸದಲ್ಲಿ ಮನೆಯೇ ಇರುವುದಿಲ್ಲ. ನಮಗಾದದ್ದು ಇದೇ. ವರ್ಡ್‌ನಲ್ಲಿ ಇನ್ಸರ್ಟ್, ಪಿಕ್ಚರ್ಸ್ ಒತ್ತಿ ಪಟವನ್ನು ಆರಿಸಿದ ಮೇಲೆ, ಕೆಳಗಿನ ಇನ್ಸರ್ಟ್ ಗುಂಡಿಯ ಪಕ್ಕದ ಪುಟ್ಟ ಬಾಣವನ್ನು ಒತ್ತಿದರೆ "ಲಿಂಕ್ ಟು ಫೈಲ್" ಎಂದು ಬರುತ್ತದೆ. ಅದನ್ನು ಒತ್ತಬಾರದು, ಬರೀ ಇನ್ಸರ್ಟ್ ಸಾಕು. ಲಿಬ್ರೆಆಫೀಸ್‌ನಲ್ಲಿ ಚಿತ್ರ ಆರಿಸುವ ಕಿಟಕಿಯಲ್ಲಿಯೇ "ಲಿಂಕ್" ಎಂಬ ಚೌಕವಿದೆ; ಅದರಲ್ಲಿ ಗುರುತಿದ್ದರೆ ತೆಗೆದುಬಿಡಿ. ವೆಬ್ ಪುಟದಿಂದ ನೇರವಾಗಿ ನಕಲು ಮಾಡಿ ಅಂಟಿಸಿದ ಚಿತ್ರಗಳೂ ಕೆಲವೊಮ್ಮೆ ವಿಳಾಸವಾಗಿಯೇ ಉಳಿಯುತ್ತವೆ. ಚಿತ್ರವನ್ನು ಮೊದಲು ಕಂಪ್ಯೂಟರಿನಲ್ಲಿ ಉಳಿಸಿಕೊಂಡು, ಆಮೇಲೆ ಸೇರಿಸುವುದು ಕ್ಷೇಮ.

ಒಳಗೆ ಸೇರಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕಡತವನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕುತೂಹಲವಿರುವ ಹುಡುಗರಿಗೆ ಇನ್ನೊಂದು ದಾರಿಯಿದೆ: ಡಾಕ್ಸ್ ಕಡತ ನಿಜವಾಗಿ ಒಂದು ಜಿಪ್ ಕಟ್ಟು. ಅದರ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ತೆರೆದರೆ "ವರ್ಡ್" ಫೋಲ್ಡರಿನೊಳಗೆ "ಮೀಡಿಯಾ" ಎಂಬ ಫೋಲ್ಡರ್ ಸಿಗುತ್ತದೆ. ನೀವು ಸೇರಿಸಿದ ಪಟಗಳೆಲ್ಲ ಅಲ್ಲಿ ಸಾಲಾಗಿರುತ್ತವೆ. ಅಲ್ಲಿಲ್ಲದ ಪಟ ಅಚ್ಚಿನಲ್ಲೂ ಇರದು.

ಚಿತ್ರ ಒಳಗೆ ಬಂದರೂ ಅದು ಇಟ್ಟಲ್ಲಿ ಇರಬೇಕಲ್ಲ. ಮೇಲೆ ಎರಡು ಸಾಲು ಸೇರಿಸಿದ ಕೂಡಲೇ ಒಬ್ಬರ ಪಟ ಇನ್ನೊಬ್ಬರ ಹೆಸರಿನ ಮೇಲೆ ಹೋಗಿ ಕೂರುತ್ತದೆ. ಸ್ಮರಣೆಯ ಪುಟದಲ್ಲಿ ಇದು ಸಣ್ಣ ತಪ್ಪಲ್ಲ. ವರ್ಡ್‌ನಲ್ಲಿ "ಇನ್ ಲೈನ್ ವಿತ್ ಟೆಕ್ಸ್ಟ್", ಲಿಬ್ರೆಆಫೀಸ್‌ನಲ್ಲಿ ಆಂಕರ್ "ಆಸ್ ಕ್ಯಾರೆಕ್ಟರ್" ಎಂದು ಇಟ್ಟರೆ ಪಟವೂ ಒಂದು ಅಕ್ಷರದ ಹಾಗೆ ಸಾಲಿನಲ್ಲೇ ನಿಲ್ಲುತ್ತದೆ. ನಾವೀಗ ಇನ್ನೂ ಸುಲಭದ ದಾರಿ ಹಿಡಿದಿದ್ದೇವೆ: ಗೆರೆಯಿಲ್ಲದ ಟೇಬಲ್ ಹಾಕಿ, ಒಂದೊಂದು ಮನೆಯಲ್ಲಿ ಪಟ, ಅದೇ ಮನೆಯಲ್ಲಿ ಕೆಳಗೆ ಹೆಸರು.

ಪಟ ಕಳುಹಿಸುವ ಮನೆಯವರಿಗೆ ಒಂದು ವಿನಂತಿ. ಅಚ್ಚಿನಲ್ಲಿ ಮುಖ ಸ್ಪಷ್ಟವಾಗಿ ಬರಲು ಒಂದು ಅಂಗುಲಕ್ಕೆ 300 ಚುಕ್ಕೆಗಳು ಬೇಕು. ಪಾಸ್‌ಪೋರ್ಟ್ ಅಳತೆಯ ಪಟಕ್ಕೆ, ಅಂದರೆ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರಕ್ಕೆ, ಸುಮಾರು 413 ಮತ್ತು 531 ಚುಕ್ಕೆಗಳು. ಮದುವೆಯ ಗುಂಪಿನ ಫೋಟೊದಿಂದ ಒಂದು ಮುಖವನ್ನು ಕತ್ತರಿಸಿದರೆ ಅಷ್ಟು ಸಿಗುವುದು ಕಷ್ಟ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಅದು ಕುಗ್ಗುತ್ತದೆ. "ಡಾಕ್ಯುಮೆಂಟ್" ಎಂದು ಆರಿಸಿ ಕಳುಹಿಸಿದರೆ ಇದ್ದ ಹಾಗೆ ಬರುತ್ತದೆ. ಗೋಡೆಯ ಪಟವನ್ನು ಮೊಬೈಲಿನಲ್ಲಿ ತೆಗೆಯುವುದಾದರೆ ಗಾಜು ಬಿಚ್ಚಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಬಿಚ್ಚಲಾಗದಿದ್ದರೆ ಕಚೇರಿಗೆ ತನ್ನಿ. ವರ್ಡ್ ಕೂಡ ಉಳಿಸುವಾಗ ಚಿತ್ರವನ್ನು ತಾನಾಗಿಯೇ 220 ಚುಕ್ಕೆಗೆ ಇಳಿಸುವುದುಂಟು. ಆಪ್ಷನ್ಸ್, ಅಡ್ವಾನ್ಸ್ಡ್‌ನಲ್ಲಿ "ಡು ನಾಟ್ ಕಂಪ್ರೆಸ್" ಎಂಬುದಕ್ಕೆ ಗುರುತು ಹಾಕಿಡಿ.

ಕತ್ತರಿಸುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ವರ್ಡ್‌ನಲ್ಲಿ ಕ್ರಾಪ್ ಮಾಡಿದ ಭಾಗ ಅಳಿಯುವುದಿಲ್ಲ, ಮರೆಯಾಗುತ್ತದೆ ಅಷ್ಟೇ. ಕಡತ ಸಿಕ್ಕವರು ಅದನ್ನು ಮತ್ತೆ ಎಳೆದು ನೋಡಬಹುದು. ಪ್ರಥಮ ಪರಮಪ್ರಸಾದದ ಚಿತ್ರದಿಂದ "ನಮ್ಮ ಮಗುವಿನದು ಬೇಡ" ಎಂದವರ ಮಗುವನ್ನು ತೆಗೆದಿದ್ದೇವೆಂದು ನಾವು ನಂಬಿರುತ್ತೇವೆ. ಮಗು ಅಲ್ಲೇ ಇರುತ್ತದೆ. ಕಂಪ್ರೆಸ್ ಪಿಕ್ಚರ್ಸ್ ಒತ್ತಿ, "ಡಿಲೀಟ್ ಕ್ರಾಪ್ಡ್ ಏರಿಯಾಸ್" ಆರಿಸಿದರೆ ನಿಜವಾಗಿ ಹೋಗುತ್ತದೆ. ಆಗ ಅಲ್ಲೇ ರೆಸಲ್ಯೂಷನ್ ಕಡಿಮೆಯಾಗದಂತೆ ನೋಡಿಕೊಳ್ಳಿ.

ಇನ್ನು ನೊವೆನಾ ಪುಟ. ಹಳೆಯ ಪ್ರಾರ್ಥನೆ ನುಡಿಯ ಹಳೆಯ ಫಾಂಟಿನಲ್ಲಿ ಟೈಪಾಗಿತ್ತು. ನುಡಿ, ಬರಹದ ಆ ಕಾಲದ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷಿನ ಅಕ್ಷರಗಳನ್ನು. ಕನ್ನಡ ಎಂಬುದು ಮೇಲೆ ತೊಡಿಸಿದ ಅಂಗಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಗಿ ಕಳಚುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಕ ಎಲ್ಲಿ ಹೋದರೂ ಕ. ಕೈಗೆ ಬಂದ ಬರಹ ಯಾವುದೆಂದು ತಿಳಿಯಲು ಅದನ್ನು ಆರಿಸಿ ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಿಸಿ ನೋಡಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಸಂತೆಯಾದರೆ ಹಳೆಯದು. ಹಳೆಯದನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಬೇಕು. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ನೋಡಿ ತಿದ್ದಬೇಕು. ಹೊರಗಿನ ಬರಹವನ್ನು ಅಂಟಿಸುವಾಗ "ಕೀಪ್ ಟೆಕ್ಸ್ಟ್ ಓನ್ಲಿ" ಆರಿಸಿದರೆ ಬಣ್ಣ, ಅಳತೆಗಳ ಗೊಂದಲ ಬರುವುದಿಲ್ಲ. ಆದರೆ ಹಳೆಯ ಫಾಂಟಿನ ಬರಹವನ್ನು ಹಾಗೆ ಅಂಟಿಸಿದರೆ ಅಂಗಿಯೂ ಹೋಗುತ್ತದೆ. ಪರಿವರ್ತನೆ ಮೊದಲು, ಅಂಟಿಸುವುದು ಆಮೇಲೆ.

ಹೊರಗಿನಿಂದ ತರುವುದಕ್ಕೆ ಅನುಮತಿಯ ವಿಚಾರವೂ ಇದೆ. ಧರ್ಮಸಭೆಯ ಕಾನೂನು ಸಂಹಿತೆಯ 826ನೇ ವಿಧಿಯ ಪ್ರಕಾರ ಪ್ರಾರ್ಥನಾ ಪುಸ್ತಕಗಳ ಪ್ರಕಟಣೆಗೆ ಸ್ಥಳೀಯ ಧರ್ಮಾಧಿಕಾರಿಗಳ ಅನುಮತಿ ಬೇಕು. ಎಲ್ಲೋ ಸಿಕ್ಕಿದ ಪ್ರಾರ್ಥನೆಯನ್ನು ಫಾರ್ವರ್ಡ್ ಬಂದ ಹಾಗೆ ಅಂಟಿಸದೆ, ಮೊದಲು ಗುರುಗಳಿಗೆ ತೋರಿಸಿ. ಚಿತ್ರಗಳಿಗೆ ಭಾರತದ ಕೃತಿಸ್ವಾಮ್ಯ ಕಾಯ್ದೆ ಕಲಾವಿದರು ತೀರಿದ ಮೇಲೂ 60 ವರ್ಷ ರಕ್ಷಣೆ ಕೊಡುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆಗಳಲ್ಲಿ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿ ತೀರಿದ್ದು 1905ರಲ್ಲಿ. ಆ ಚಿತ್ರಗಳಿಗೆ ಅಡ್ಡಿಯಿಲ್ಲ, ನಮ್ಮವರೇ ಹೋಗಿ ತೆಗೆದ ಫೋಟೊ ಆದರೆ ಇನ್ನೂ ನಿಶ್ಚಿಂತೆ. ಮಾತೆ ಮರಿಯಳನ್ನು ಸೀರೆಯಲ್ಲಿ ಚಿತ್ರಿಸಿದ ಗೋವೆಯ ಆಂಜೆಲೊ ದ ಫೊನ್ಸೆಕಾ ತೀರಿದ್ದು 1967ರಲ್ಲಿ. ಅವರ ಚಿತ್ರಗಳ ಅವಧಿ 2027ರ ಕೊನೆಯವರೆಗೆ ಇದೆ. ಮುಖಪುಟಕ್ಕೆ ಅವುಗಳ ಮೇಲೆ ನಮಗೂ ಆಸೆಯಿದೆ, ಕಾಯುತ್ತೇವೆ.

ಎಲ್ಲ ಮುಗಿದ ಮೇಲೆ ಕಡತದ ಜೊತೆ ಅದರ ಪಿಡಿಎಫ್ ಕೂಡ ಅಚ್ಚಿಗೆ ಹೋಗಲಿ. ಪಿಡಿಎಫ್‌ನಲ್ಲಿ ಫಾಂಟೂ ಪಟವೂ ಒಳಗೇ ಇರುತ್ತವೆ, ಕನ್ನಡ ಬಾರದವರೂ ಎರಡನ್ನೂ ಪಕ್ಕಪಕ್ಕ ಇಟ್ಟು "ಹೀಗೇ ಕಾಣಬೇಕು" ಎಂದು ಹೋಲಿಸಬಹುದು. ಅಚ್ಚಿಗೆ ಮುಂಚೆ ಕರಡು ಪ್ರತಿ ಕೇಳಿ ತರಿಸಿಕೊಳ್ಳಿ.

ಈ ವರ್ಷದ ಸ್ಮರಣೆಯ ಪುಟಕ್ಕೆ ಆ ಅಜ್ಜಿಯ ಯಜಮಾನರ ಪಟವೇ ಮೊದಲನೆಯದು. ಸೇರಿಸಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿಯೂ ಆಗಿದೆ. ಉಳಿದವರು ಭಾನುವಾರ ಕನ್ನಡ ಬಲಿಪೂಜೆ ಮುಗಿದ ಮೇಲೆ ಧರ್ಮಕೇಂದ್ರದ ಕಚೇರಿಗೆ ಪಟ ತನ್ನಿ. ಹಿಂಬದಿಯಲ್ಲಿ ಹೆಸರು, ತೀರಿದ ದಿನಾಂಕ ಪೆನ್ಸಿಲಿನಲ್ಲಿ ಬರೆದಿರಲಿ. ಅಲ್ಲೇ ನಕಲು ತೆಗೆದು ಪಟವನ್ನು ಆಗಲೇ ಹಿಂದಿರುಗಿಸುತ್ತೇವೆ.